ಮಾವನ ಮನೆಯ ನೀರು

ನನ್ನ ತಮ್ಮ ಉಚ್ಚೆಂಗಪ್ಪನಷ್ಟು ಓದಿದವನು ಕಂಪ್ಲಿಯ ನಮ್ಮ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಹಠಮಾರಿಯೂ ಇರಲಿಲ್ಲ. ಕಾಲುವೆ ಬಂದ ಮೇಲೆ ನಮ್ಮವರೆಲ್ಲ ಎರಡೆರಡು ಬೆಳೆ ಭತ್ತ ತೆಗೆದು ಮಾಳಿಗೆ ಮನೆ ಕಟ್ಟಿಕೊಂಡರೆ, ಇವನು ಇಂಗ್ಲಿಷಿನಲ್ಲಿ ಎಂ.ಎ. ಮಾಡುತ್ತೇನೆಂದು ಕುಳಿತ. ನಾನು ನಾಟಿ ಮುಗಿಸಿ ಬಂದು ಒಲೆ ಹಚ್ಚಿದರೆ ಪಕ್ಕದಲ್ಲಿ ಕೂತು ಓದಿದ್ದನ್ನೆಲ್ಲ ಹೇಳುತ್ತಿದ್ದ. ಯಾವುದೋ ಕಾಲದ ರೋಮಿನ ದುರಂತ ನಾಟಕಗಳಂತೆ. ಹೆಸರುಗಳಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ಕಥೆ ಮಾತ್ರ ತಲೆಗೆ ಹತ್ತುತ್ತಿತ್ತು.

ಅಲ್ಲಿಯ ವೀರರೂ ಪುರಾಣದವರೇ, ಆನೆಬಲದವರೇ. ಆದರೆ ಒಬ್ಬನಿಗೆ ಸೊಕ್ಕು, ಒಬ್ಬನಿಗೆ ಸೇಡು. ಒಬ್ಬನಂತೂ ಲೋಕವನ್ನೆಲ್ಲ ಗೆದ್ದು ಮನೆಗೆ ಬಂದು, ತಲೆಕೆಟ್ಟು ಹೆತ್ತ ಮಕ್ಕಳನ್ನೇ ಕೊಂದನಂತೆ. ಕೇಳಿ ನನ್ನ ಕೈಯೊಳಗಿನ ರೊಟ್ಟಿ ಹರಿದುಹೋಯಿತು.

"ತಡೆಯೋರು ಯಾರೂ ಇರ್ಲಿಲ್ಲೇನೋ?" ಎಂದೆ.

"ಇರ್ತಾರಕ್ಕ. ಸಾಕಿದ ಮುದುಕಿ ಒಬ್ಬಾಕಿ ಬಂದು ಸಿಟ್ಟು ನುಂಗ್ಕೋ ಅಂತಾಳ. ಅಕಿ ಮಾತು ಯಾರೂ ಕೇಳಂಗಿಲ್ಲ."

ಹಾಗೆಂದು ನಕ್ಕ ನನ್ನ ಜಾಣ. ಆ ಮುದುಕಿಯ ಪಾಡು ನನಗೇ ಕಾದಿದೆಯೆಂದು ಯಾರಿಗೆ ಗೊತ್ತಿತ್ತು?

ಹೊಳೆಯಾಚೆ ಗಂಗಾವತಿಯಲ್ಲಿ ನಮ್ಮ ಸೋದರಮಾವ ದುರುಗಣ್ಣನ ಮನೆ. ಅವನ ಮಗಳು ಊರಮ್ಮ ತೊಟ್ಟಿಲಲ್ಲಿದ್ದಾಗಲೇ ನಮ್ಮವನಿಗೆಂದು ಮಾತಾಗಿತ್ತು. ಇವನ ಓದು ಮುಗಿಯುವುದನ್ನು ಕಾದು ಕಾದು ಬೇಸತ್ತ ಮಾವ ಅವಳನ್ನು ಅಕ್ಕಿ ಗಿರಣಿಯವನಿಗೆ ಕೊಟ್ಟುಬಿಟ್ಟ. ತಪ್ಪು ಮಾವನದೇ, ಇಲ್ಲವೆನ್ನುವುದಿಲ್ಲ. ಆದರೆ ಇವನು ಮದುವೆ ಹಂದರದಲ್ಲಿ ನಿಂತು, ಇನ್ನು ಈ ಮನೆಯ ನೀರು ಮುಟ್ಟುವುದಿಲ್ಲವೆಂದು ಆಣೆ ಮಾಡಿ ಬಂದ. ನಮ್ಮಲ್ಲಿ ನೀರು ಬಿಟ್ಟರೆ ಸಂಬಂಧವನ್ನೇ ಬಿಟ್ಟಂತೆ.

ಅವನಿಗೆ ಉಳಿದದ್ದು ಒಂದೇ ಪೇಪರು, ಅದೂ ಆ ರೋಮಿನ ನಾಟಕಗಳದ್ದು. ಹಳೆಯ ಪಠ್ಯಕ್ಕೆ ಅದೇ ಕಡೆಯ ಪರೀಕ್ಷೆ, ತಪ್ಪಿದರೆ ಮತ್ತೆ ಬರೆಯುವಂತಿಲ್ಲ. ಪಾಸಾದರೆ ಹೊಸಪೇಟೆಯ ಕಾಲೇಜೊಂದರಲ್ಲಿ ಮೇಷ್ಟ್ರ ಕೆಲಸ ಕೊಡುತ್ತೇವೆಂದಿದ್ದರು. ಪರೀಕ್ಷೆ ನಡೆಯುವುದು ಗಂಗಾವತಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ.

ಅದು ಆಗಸ್ಟ್ ತಿಂಗಳು. ಹಿಂದಿನ ದಿನ ಮಧ್ಯಾಹ್ನ, ಡ್ಯಾಂ ತುಂಬಿದೆ, ಹೊಳೆಗೆ ನೀರು ಬಿಡುತ್ತಾರೆ ಎಂದು ಊರಲ್ಲಿ ಡಂಗುರ ಸಾರಿದರು. ಮಾವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ: ಸೇತುವೆ ಮುಳುಗಿದರೆ ಕಷ್ಟ, ಹುಡುಗನನ್ನು ಇವತ್ತೇ ಕಳಿಸು, ಅವನು ಏನಾದರೂ ಬೈಯಲಿ. ನಾನು ತಮ್ಮನ ಕಾಲು ಹಿಡಿಯುವುದೊಂದು ಬಾಕಿ. ಮಾವನ ಮನೆ ಬೇಡವಾದರೆ ಲಾಡ್ಜಿಗಾದರೂ ಹೋಗು ಮಾರಾಯ ಎಂದೆ. ಸೋದರಮಾವ ಇರುವ ಊರಲ್ಲಿ ಲಾಡ್ಜಿನಲ್ಲಿ ಮಲಗಿದರೆ ಜನ ನಗುತ್ತಾರೆ ಎಂದ. ನೀರು ಸೇತುವೆ ಮುಟ್ಟಲು ಎರಡು ದಿನ ಬೇಕು, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತೇನೆಂದು ಪುಸ್ತಕ ಬಿಚ್ಚಿದ.

ಬೆಳಿಗ್ಗೆ ಇಬ್ಬರೂ ಹೊಳೆಗೆ ಹೋದರೆ ಸೇತುವೆಯೇ ಇಲ್ಲ. ಕೆಂಪು ನೀರು ಅದರ ಮೇಲೆ ಹರಿಯುತ್ತಿತ್ತು. ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು. ಹೊಸಪೇಟೆ ಸುತ್ತಿ, ಬಸ್ಸು ಬದಲಿಸಿ ಹೋದರೆ ಮಧ್ಯಾಹ್ನವಾಗುತ್ತದೆ. ಆಚೆ ದಡದಲ್ಲಿ ಯಾರೋ ರುಮಾಲು ಬಿಚ್ಚಿ ಬೀಸುತ್ತಿದ್ದರು. ಹಳದಿ ರುಮಾಲು, ಮಾವನದೇ. ಕರೆದುಕೊಂಡು ಹೋಗಲು ಬಂದು ನಿಂತಿದ್ದ.

ಉಚ್ಚೆಂಗಪ್ಪ ಹಗ್ಗದ ಪಕ್ಕ ಕೆಸರಲ್ಲೇ ಕುಸಿದು ಕೂತ. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಯಾರೋ ಗಡಿಯಾರ ನೋಡಿ ಹತ್ತಾಯಿತೆಂದರು.

"ಅಕ್ಕ, ನನಗ ಎಲ್ಲಾ ಉತ್ತರ ಬರ್ತಾವು," ಎಂದ ಸಣ್ಣ ದನಿಯಲ್ಲಿ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮೇಷ್ಟ್ರ ಕೆಲಸ ಬೇರೆಯವರಿಗೆ ಹೋಯಿತು. ಇವನು ಸಂಡೂರಿನ ಹತ್ತಿರ ಯಶವಂತನಗರಕ್ಕೆ ಹೋಗಿ ಅದಿರು ಲಾರಿಗಳ ತೂಕ ಬರೆಯುವ ಕೆಲಸ ಹಿಡಿದ. ಹದಿನಾಲ್ಕು ವರ್ಷವಾದರೂ ಮಾವನ ಮನೆಗೆ ಕಾಲಿಡಲಿಲ್ಲ.

ಮಾವ ಸತ್ತ ಸುದ್ದಿ ಬಂದ ದಿನ ಮಾತ್ರ ತಾನಾಗಿ ನನ್ನ ಜೊತೆ ಬಸ್ಸು ಹತ್ತಿದ. ಮಣ್ಣು ಮಾಡಿ ಬಂದ ಮೇಲೆ ಊರಮ್ಮ ಚೊಂಬಿನಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಅವನ ಮುಂದೆ ನಿಂತಳು. ಇವನೇ ಕೈಚಾಚಿ ಇಸಿದುಕೊಂಡು ಕುಡಿದ. ಅರ್ಧ ಕುಡಿದು ನನ್ನ ಕಡೆ ನೋಡಿದ.

"ಇದೂ ನಮ್ಮ ಹೊಳಿ ನೀರ ಐತಲ್ಲಕ್ಕ," ಎಂದ.