ಒಂದು ಬುಟ್ಟಿ ಗೊಬ್ಬರದ ತಪ್ಪು

ಬೆಳಗಿನ ಐದೂಮುಕ್ಕಾಲು. ಭತ್ತದ ಸಂಶೋಧನಾ ಕೇಂದ್ರದ ಗೋದಾಮಿನಲ್ಲಿ ತಕ್ಕಡಿಯಕ್ಕ ಯೂರಿಯಾ ತೂಗುತ್ತಿದ್ದಾರೆ. ನಾಲ್ಕು ಕಾಳು ಹೆಚ್ಚಾಯಿತೆಂದು ಬೆರಳಲ್ಲಿ ಹೆಕ್ಕಿ ಚೀಲಕ್ಕೆ ವಾಪಸ್ ಹಾಕುತ್ತಾರೆ. ನಾಲ್ಕು ಕಾಳಿಗೆ ಏನು ಮುಳುಗಿಹೋಗುತ್ತದೆ ಅಂತ ಕೇಂದ್ರ ನೋಡಲು ಬಂದ ನಾನು ಕೇಳಿದರೆ ನನ್ನತ್ತ ನೋಡುವುದೂ ಇಲ್ಲ.

ಮೂವತ್ತೊಂದು ವರ್ಷದಿಂದ ಇವರು ನೋಡಿಕೊಳ್ಳುತ್ತಿರುವುದು ಒಂದೇ ಅಳತೆಯ ಮೂರು ತಾಕುಗಳನ್ನು, ಅಂದರೆ ಯಾವ ಗೊಬ್ಬರ ನೆಲಕ್ಕೆ ಏನು ಮಾಡುತ್ತದೆಂದು ನೋಡುವ ಪ್ರಯೋಗದ ಗದ್ದೆ ತುಂಡುಗಳನ್ನು. ಮೊದಲನೆಯದಕ್ಕೆ ಏನೂ ಹಾಕುವಂತಿಲ್ಲ. ಎರಡನೆಯದಕ್ಕೆ ಬರೀ ಯೂರಿಯಾ. ಮೂರನೆಯದಕ್ಕೆ ಯೂರಿಯಾ, ರಂಜಕ, ಪೊಟ್ಯಾಷ್, ಜೊತೆಗೆ ಕೊಟ್ಟಿಗೆ ಗೊಬ್ಬರ. ಕಳೆ ಕೀಳುವ ಕೂಲಿಗೆಂದು ಬಂದಾಗ ಅವರಿಗೆ ಇಪ್ಪತ್ತೊಂಬತ್ತು. ಈಗ ಅಂಗೈ ತುಂಬ ಬಿರುಕು. ಕೇಂದ್ರದ ವರದಿಗಳಲ್ಲಿ ಯಾರ್‍ಯಾರದೋ ಹೆಸರಿದೆ, ಇವರದಿಲ್ಲ.

ಯೂರಿಯಾ ಹೊತ್ತು ಗದ್ದೆಗೆ ಬಂದೆವು. ಹೋದ ಕೊಯ್ಲಿನ ಲೆಕ್ಕ ಅವರ ಬಾಯಲ್ಲೇ ಇದೆ. ಮೂರನೆಯ ತಾಕು ಐವತ್ತೆರಡು ಕಿಲೋ ಕೊಟ್ಟಿದೆ, ಏನೂ ಹಾಕದ್ದು ಹದಿನಾಲ್ಕು. ಯೂರಿಯಾದ್ದು ನಡುವೆ ಎಲ್ಲೋ ಇರುತ್ತದೆ ಅಂದುಕೊಂಡೆ. ಒಂಬತ್ತು ಎಂದರು. ಮೂರು ಸಲ ಕೇಳಿದೆ, ಮೂರು ಸಲವೂ ಒಂಬತ್ತೇ. ಗೊಬ್ಬರ ಉಂಡ ನೆಲ ಉಪವಾಸವಿದ್ದ ನೆಲಕ್ಕಿಂತ ಕಡಿಮೆ ಕೊಡುವುದೆಂದರೇನು! ನಾನು ದಂಗಾಗಿ ಬದುವಿನ ಮೇಲೆ ಕೂತುಬಿಟ್ಟೆ.

"ಮೊದಲ ವರ್ಷ ಮೂವತ್ತೆಂಟು ಬಂದಿತ್ತು," ಎನ್ನುತ್ತಾರೆ ತಕ್ಕಡಿಯಕ್ಕ. "ಯೂರಿಯಾ ಬೆನ್ನು ತಟ್ಟಿ ದುಡಿಸುತ್ತೆ, ಊಟ ಹಾಕಲ್ಲ. ಮಣ್ಣಲ್ಲಿದ್ದ ಮಿಕ್ಕ ಸತ್ವ ಎಲ್ಲ ಬೆಳೆ ಎಳ್ಕೊಂಡು ಮುಗೀತು. ಮಣ್ಣು ಹುಳಿಯಾಯ್ತು."

ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗೊತ್ತಿತ್ತು. ಹಸಿರಾಗಿಸುವುದೆಲ್ಲ ನೆಲಕ್ಕೆ ಊಟವಲ್ಲ ಅನ್ನುವುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಎರಡನೆಯ ತಾಕಿನ ಮೂಲೆಯಲ್ಲಿ ನಾಲ್ಕು ಗೂಟಗಳಿವೆ. ಯಾಕೆ ಅಂದೆ. ಅವರು ಅಲುಗುತ್ತಿದ್ದ ಗೂಟವೊಂದನ್ನು ಮಣ್ಣಿಗೆ ಒತ್ತಿ ಗಟ್ಟಿ ಮಾಡಿದರು. ಆಮೇಲೆ ಹೇಳಿದರು. ಹನ್ನೊಂದನೆಯ ವರ್ಷ, ಮೂರನೆಯ ತಾಕಿಗೆ ಹೊತ್ತು ತಂದಿದ್ದ ಕೊಟ್ಟಿಗೆ ಗೊಬ್ಬರದಲ್ಲಿ ಒಂದು ಬುಟ್ಟಿಯನ್ನು ಇವರು ಕದ್ದುಮುಚ್ಚಿ ಆ ಮೂಲೆಗೆ ಸುರಿದಿದ್ದರು.

"ಪಂಕ್ತೀಲಿ ಕೂತ ಮಕ್ಕಳಲ್ಲಿ ಒಂದಕ್ಕೆ ಬಡಿಸದೆ ಮುಂದೆ ಹೋದ ಹಾಗಿತ್ತು. ಕರುಳು ಕೇಳಲಿಲ್ಲ."

ಆ ಮೂಲೆಯ ತೆನೆ ತುಂಬಿತು. ಆಗಿನ ದೊಡ್ಡ ವಿಜ್ಞಾನಿಗೆ ಖುಷಿಯೋ ಖುಷಿ. ಯೂರಿಯಾ ಒಂದರಲ್ಲೇ ಮಣ್ಣು ತಾನಾಗಿ ಸುಧಾರಿಸುತ್ತಿದೆ ಎಂದು ವರದಿ ಬರೆಯಲು ಕೂತರು. ಇತ್ತ ಇವರು ಇಕ್ಕಟ್ಟಿಗೆ ಸಿಕ್ಕರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಆ ಸುಳ್ಳನ್ನು ನಂಬಿ ಎಷ್ಟು ಗದ್ದೆ ಕೆಡುತ್ತವೋ! ಸ್ವಂತ ತಮ್ಮನೇ ಆಗ ಬರೀ ಯೂರಿಯಾ ಎರಚುತ್ತಿದ್ದ. ಮೂರನೆಯ ದಿನ ಹೋಗಿ ಒಪ್ಪಿಕೊಂಡರು.

ವಿಜ್ಞಾನಿ ಬಯ್ಯಲಿಲ್ಲವಂತೆ. ಬರೆದಿದ್ದನ್ನು ಹರಿದು, ನಾಲ್ಕು ಗೂಟ ತಂದು ಆ ಮೂಲೆಯನ್ನು ಲೆಕ್ಕದಿಂದ ಹೊರಗಿಟ್ಟರು. ಇನ್ನು ಮೇಲೆ ತಕ್ಕಡಿ ಈಕೆಯ ಕೈಯಲ್ಲೇ ಇರಲಿ ಎಂದರು. ತಕ್ಕಡಿಯಕ್ಕ ಎಂಬ ಹೆಸರು ಬಂದದ್ದು ಅಂದಿನಿಂದ. ಮರುವಾರವೇ ಇವರು ತಮ್ಮನನ್ನು ಕರೆತಂದು ಬದುವಿನ ಮೇಲೆ ನಿಲ್ಲಿಸಿದರು. ಅವನು ಎರಡನೆಯ ತಾಕಿನ ಜೊಳ್ಳು ತೆನೆ ಉಜ್ಜಿ ನೋಡಿ ಮನೆಗೆ ಹೋದ. ಆ ವರ್ಷ ಅವನ ಗದ್ದೆಗೆ ಕೊಟ್ಟಿಗೆ ಗೊಬ್ಬರದ ಗಾಡಿ ಹೋಯಿತು.

ಇನ್ನು ನಾಲ್ಕು ತಿಂಗಳಲ್ಲಿ ತಕ್ಕಡಿಯಕ್ಕನಿಗೆ ನಿವೃತ್ತಿ. ಏನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಅವರು ಎರಡನೆಯ ತಾಕಿನತ್ತ ನೋಡುತ್ತಾರೆ.

"ಹೋಗೋ ದಿನ ಇದಕ್ಕೆ ಹೊಟ್ಟೆ ತುಂಬ ಗೊಬ್ಬರ ಹಾಕ್ಬೇಕು ಅಂತಿದೆ. ಹಾಕಲ್ಲ ಬಿಡಿ. ಇದು ಹಸಿದಿದ್ದಕ್ಕೇ ನನ್ನ ತಮ್ಮನ ಗದ್ದೆ ಉಂಡಿದ್ದು."