ಲವಂಗ ಜಾಸ್ತಿ ಹಾಕಿದ ಹಲ್ಲುಪುಡಿ

ಚಿಕ್ಕಗಂಗಮ್ಮನ ಹಲ್ಲುಗಳು ಸೋತು ಎರಡು ವರ್ಷವಾದರೂ ಯಾರಿಗೂ ತಿಳಿಯದೆ ಹೋದದ್ದಕ್ಕೆ ಮುದ್ದೆಯೇ ಕಾರಣ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರೆ ಮುಗಿಯಿತು. ಗುಬ್ಬಿಯಲ್ಲಿ ತಂಗಿಯ ಮನೆಯವರ ಪಕ್ಕದಲ್ಲೇ ಕೂತು ಎರಡು ಹೊತ್ತೂ ಉಂಡೇಳುತ್ತಿದ್ದಳು. ತಣ್ಣೀರು ಎಡಗಡೆಯ ಹಲ್ಲಿಗೆ ತಾಗಿದಾಗ ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುವುದನ್ನು ಅವರಲ್ಲಿ ಒಬ್ಬರೂ ಗಮನಿಸಿರಲಿಲ್ಲ.

ಕಂಡುಹಿಡಿದದ್ದು ನಾಲ್ಕು ವರ್ಷದ ಮೊಮ್ಮಗಳು ಸುಮನಾ. ಒಂದು ಭಾನುವಾರ ಚಿಕ್ಕಗಂಗಮ್ಮ ತುಮಕೂರಿಗೆ, ಮಗಳು ಮಾನಸಾಳ ಮನೆಗೆ ಬಂದಿದ್ದಳು. ಕೊಬ್ಬರಿ ಚೂರಿಗೆ ಬೆಲ್ಲ ಸೇರಿಸಿ ಅಜ್ಜಿಯ ಬಾಯಿಗಿಟ್ಟ ಮಗು ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದು ದೂರು ಹೇಳಿತು.

“ಅಮ್ಮಾ, ಅಜ್ಜಿ ಕೊಬ್ರಿ ತಿನ್ನಲ್ಲ. ಸೆರಗಲ್ಲಿ ಬಚ್ಚಿಡ್ತಾಳೆ.”

ಮಾನಸಾ ಸೌಟು ಕೆಳಗಿಟ್ಟಳು. ಅಮ್ಮ ಕೊಬ್ಬರಿಯನ್ನು ಉಗುಳುವುದೆಂದರೇನು? ಒಂಬತ್ತು ವರ್ಷದಿಂದ ಅಮ್ಮ ಗುಬ್ಬಿಯ ಕೊಬ್ಬರಿ ಮಂಡಿಯೊಂದರಲ್ಲಿ ಕರಟ ಒಡೆಯುವ ಕೆಲಸ ಮಾಡುತ್ತಿದ್ದಳು. ವರ್ಷಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತ ಮಚ್ಚಿನಿಂದ ತಟ್ಟಿದರೆ, ಕರಟ ಮಾತ್ರ ಬಿಟ್ಟುಕೊಂಡು ಒಳಗಿನ ಕೊಬ್ಬರಿ ಗಿಟುಕು ಗುಂಡಗೆ ಈಚೆ ಬರಬೇಕು. ಮುರಿದ ಒಂದು ಚೂರನ್ನು ಕಚ್ಚಿ, ಇದು ಪೂರ್ತಿ ಒಣಗಿದೆ, ಇದಕ್ಕೆ ಇನ್ನೊಂದು ತಿಂಗಳು ಬೇಕಿತ್ತು ಎಂದು ಅವಳು ಹೇಳಿದರೆ ಅದೇ ಕೊನೆಯ ಮಾತು. ಈಗ ವಿಚಾರಿಸಿದಾಗ ಗೊತ್ತಾಯಿತು, ಎರಡು ವರ್ಷದಿಂದ ಅಮ್ಮ, ಪಕ್ಕದಲ್ಲಿ ಕೂರುವ ತಿಪ್ಪಮ್ಮನಿಂದ ಕಚ್ಚಿಸಿ, ಅವಳ ಮುಖ ನೋಡಿ ಹೇಳುತ್ತಿದ್ದಳಂತೆ.

ಮಾನಸಾಳಿಗೆ ಚಿಂತೆ ಹಿಡಿಯಲು ಇಷ್ಟು ಬೇಕಾಗಿಯೂ ಇರಲಿಲ್ಲ. ಅಂಗಡಿಯಲ್ಲಿ ಪೇಸ್ಟುಗಳ ಸಾಲಿನ ಮುಂದೆ ಕಾಲುಗಂಟೆ ನಿಲ್ಲುವ ಹೆಂಗಸು ಅವಳು. ಮಗಳ ಪೇಸ್ಟಿನಲ್ಲಿ ಫ್ಲೋರೈಡ್ ಎಷ್ಟಿದೆ, ಮಗು ನುಂಗಿಬಿಟ್ಟರೆ ಏನಾದೀತು, ಬ್ರಷ್ಷಿನ ಮೇಲೆ ಹಾಕಿದ್ದು ಬಟಾಣಿ ಗಾತ್ರವೋ ಅದಕ್ಕಿಂತ ಒಂದು ಚೂರು ದೊಡ್ಡದೋ ಎಂದು ದಿನಾ ಬೆಳಿಗ್ಗೆ ಹೆದರುತ್ತಿದ್ದಳು. ಗಂಡ ಹನುಮಂತರಾಜು ಕುಣಿಗಲ್ಲಿನ ಬಸ್ಸಿಗೆ ಹೊತ್ತಾಯಿತೆಂದು ಒಂದು ಕಾಲಿಗೆ ಶೂ ಹಾಕಿಕೊಂಡೇ, ಈ ಮನೆಯಲ್ಲಿ ಹಲ್ಲುಜ್ಜುವುದಕ್ಕೂ ಡಿಗ್ರಿ ಬೇಕು ಎಂದು ಗೊಣಗುತ್ತಿದ್ದ.

ಮಾರನೆಯ ದಿನವೇ ಅಮ್ಮನನ್ನು ಹಲ್ಲಿನ ಡಾಕ್ಟರು ದೀಪಿಕಾ ಅವರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ದೀಪ ಹಿಡಿದು ನೋಡಿ, ಇದು ಹುಳುಕಲ್ಲ, ಸವೆತ ಎಂದರು. ಹಲ್ಲಿನ ಮೇಲಿನ ಗಟ್ಟಿ ಪದರ ತೇದುಹೋಗಿ ಒಳಗಿನ ಮೆತ್ತನೆಯದು ಕಾಣುತ್ತಿತ್ತು. ಏನು ಹಾಕಿ ಉಜ್ಜುತ್ತೀರಿ ಎಂದು ಕೇಳಿದಾಗ ಚಿಕ್ಕಗಂಗಮ್ಮ, ಪುಡಿ ಎಂದಳು. ಕರಟದ ಇದ್ದಿಲು, ಉಪ್ಪು, ಲವಂಗ.

ಡಾಕ್ಟರು ಬೈಯಲಿಲ್ಲ. ಪುಡಿ ಬಿಡಿ, ಜುಮ್ಮೆನ್ನುವ ಹಲ್ಲಿಗೆಂದೇ ಮಾಡಿದ ಪೇಸ್ಟು ತಗೊಳ್ಳಿ, ಬ್ರಷ್ಷು ಮೆತ್ತಗಿರಲಿ ಎಂದರು. ಬೆಳ್ಳಗೆ ಮಾಡುತ್ತೇವೆ ಎಂದು ಬರೆದಿರುವುದು ನಿಮಗೆ ಬೇಡ, ಅವುಗಳಲ್ಲೂ ಎಷ್ಟೋ ತೇದೇ ಬೆಳ್ಳಗೆ ಮಾಡುವಂಥವು. ನೊರೆ ಉಗುಳಿ ಸುಮ್ಮನಾಗಿ, ಹತ್ತು ಸಲ ಬಾಯಿ ಮುಕ್ಕಳಿಸಿ ಔಷಧಿಯನ್ನೆಲ್ಲ ತೊಳೆದುಹಾಕಬೇಡಿ. ಒಂದು ತಿಂಗಳಾದರೂ ಬೇಕು, ನಡುವೆ ಪೇಸ್ಟು ಬದಲಾಯಿಸಬೇಡಿ ಎಂದು ಕೊನೆಯದನ್ನು ಮಾನಸಾಳ ಮುಖ ನೋಡಿ ಹೇಳಿದರು. ಚಿಕ್ಕಗಂಗಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಒಂದೇ ಒಂದು ಮಾತು ಕೇಳಿದಳು.

“ಕೊಬ್ರಿ ಯಾವಾಗಿಂದ ಕಚ್ಬೋದಂತೆ? ದಿನಾ ಅದ್ರ ಮಧ್ಯಾನೇ ಕೂತಿರ್ತೀನಿ ಕಣೇ. ವಾಸ್ನೆ ಕುಡ್ಕೊಂಡೇ ಬತ್ತೀನಿ.”

ಗುಬ್ಬಿಯ ಬಸ್ಸು ಹೋದ ಮೇಲೂ ಮಾನಸಾ ಅಲ್ಲೇ ನಿಂತಿದ್ದಳು. ಪುಡಿ ಬಿಡಿ ಎಂದು ಡಾಕ್ಟರು ಅಂದದ್ದೇ ಕಿವಿಯಲ್ಲಿತ್ತು. ಆ ಪುಡಿ ಅಪ್ಪನದು. ಸಿ.ಎಸ್. ಪುರದ ಮನೆಯ ಹಿತ್ತಲಲ್ಲಿ ವೆಂಕಟರಂಗಯ್ಯ ವರ್ಷಕ್ಕೆರಡು ಸಲ ಕರಟ ಸುಟ್ಟು, ಕುಟ್ಟಿ, ಪಂಚೆಯ ತುಂಡಿನಲ್ಲಿ ಸೋಸಿ ತಗಡಿನ ಡಬ್ಬಿಗೆ ತುಂಬುತ್ತಿದ್ದರು. ಬೆಳಿಗ್ಗೆ ಅಮ್ಮ ಮಗಳ ಗಲ್ಲ ಹಿಡಿದು ತನ್ನ ತೋರುಬೆರಳಿನಿಂದಲೇ ಹಲ್ಲುಜ್ಜುತ್ತಿದ್ದಳು. ಉಪ್ಪು, ಲವಂಗ, ಅಮ್ಮನ ಬೆರಳು. ಮಾನಸಾಳ ಬಾಯಿಗೆ ಇಂದಿಗೂ ನೆನಪಿರುವ ಮೊದಲ ರುಚಿ ಅದು.

ಹತ್ತನೆಯ ವಯಸ್ಸಿಗೆ ಅವಳನ್ನು ಓದಲೆಂದು ತುಮಕೂರಿನ ಹಾಸ್ಟೆಲಿಗೆ ಸೇರಿಸಿದರು. ಅಪ್ಪ ಟ್ರಂಕಿನಲ್ಲಿ ಒಂದು ಚಿಕ್ಕ ಡಬ್ಬಿ ಪುಡಿ ಇಟ್ಟಿದ್ದರು. ಮೊದಲ ಬೆಳಿಗ್ಗೆಯೇ ಅವಳ ಕಪ್ಪು ಬಾಯಿ ನೋಡಿ ಹುಡುಗಿಯರು ಸಾಲಾಗಿ ನಿಂತು ನಕ್ಕರು. ಮೂರನೆಯ ದಿನ ಮಾನಸಾ ಡಬ್ಬಿಯನ್ನು ಬಚ್ಚಲಿನ ಹಿಂದಿನ ಚರಂಡಿಗೆ ಸುರಿದಳು. ಅಪ್ಪ ಪ್ರತಿ ರಜೆಗೂ ತುಂಬಿ ಕೊಟ್ಟರು. ಅವಳು ಪ್ರತಿ ಸಲವೂ ಸುರಿದಳು. ಅಪ್ಪ ತೀರಿಕೊಂಡು, ಅಮ್ಮ ಗುಬ್ಬಿಗೆ ಬಂದು ಒಂಬತ್ತು ವರ್ಷ. ಈ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೂರು ವಾರ ಕಳೆದರೂ ಫೋನಿನಲ್ಲಿ ಅಮ್ಮನದು ಒಂದೇ ಉತ್ತರ, ಹಂಗೇ ಐತೆ. ಮಾನಸಾ ತಾಳಲಿಲ್ಲ. ತಾನು ಆರಿಸಿ ಕೊಟ್ಟ ಪೇಸ್ಟೇ ತಪ್ಪಾಯಿತೇನೋ ಎಂದು ರಾತ್ರಿಯೆಲ್ಲ ಹೊರಳಾಡಿ, ಡಾಕ್ಟರ ಮಾತು ಮೀರಿ ಇನ್ನೊಂದು ಕಂಪನಿಯದನ್ನು ಕೊಟ್ಟುಬಂದಳು. ಅದಕ್ಕೂ ಜಗ್ಗದಿದ್ದಾಗ ಗಿಡಮೂಲಿಕೆಯದು ಎಂದು ಕೆಂಪು ಬಣ್ಣದ ಮೂರನೆಯದು. ಪ್ರತಿ ಟ್ಯೂಬಿನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. ಅಮ್ಮನ ಹಲ್ಲುಗಳೆಲ್ಲ ಹೀಗೇ ಹೋಗಿಬಿಟ್ಟರೆ? ಸುಮನಾಳಿಗೂ ಇದೇ ಬಂದರೆ?

ಕೊನೆಗೊಂದು ಶನಿವಾರ ಮಗುವನ್ನು ಕರೆದುಕೊಂಡು ಗುಬ್ಬಿಗೆ ಹೋಗಿ ಉಳಿದಳು. ಭಾನುವಾರ ಬೆಳಿಗ್ಗೆ ಎದ್ದು ಹಿಂಬಾಗಿಲಿಗೆ ಬಂದರೆ, ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಂಗೈಯಲ್ಲಿ ಕಪ್ಪು ಪುಡಿ. ಬೆರಳು ಹಲ್ಲಿನ ಮೇಲೆ ಕರಕರ ಓಡುತ್ತಿತ್ತು. ಚೆನ್ನಾಗಿ ಉಜ್ಜಿ, ಬಾಯಿ ಮುಕ್ಕಳಿಸಿ, ಆಮೇಲೆ ಕಿಟಕಿಯಿಂದ ಬ್ರಷ್ಷು ತೆಗೆದುಕೊಂಡು ಪೇಸ್ಟು ಹಾಕಿಕೊಂಡಳು.

“ಅಮ್ಮ, ಏನಿದು?”

“ಹಲ್ಲುಜ್ಜಿದ್ದಾಯ್ತು. ಈಗ ಔಷ್ದಿ ಹಚ್ಕೊತಾವ್ನಿ.”

ಮಾನಸಾ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅಮ್ಮನಿಗೆ ಪೇಸ್ಟೆಂದರೆ ಗಾಯಕ್ಕೆ ಹಚ್ಚುವ ಮುಲಾಮಿನ ಹಾಗೆ. ಗಾಯ ತೊಳೆಯದೆ ಮುಲಾಮು ಹಚ್ಚುವುದುಂಟೇ? ಹಲ್ಲು ಮೊದಲು ಪುಡಿಯಲ್ಲಿ ಶುದ್ಧವಾಗಬೇಕು, ಆಮೇಲೆ ಡಾಕ್ಟರ ಔಷಧಿ.

“ಮೂರು ಪೇಸ್ಟ್ ಬದಲಾಯಿಸಿದೆ ನಾನು,” ಎಂದಳು ಮಾನಸಾ.

“ನಾನ್ ಕೇಳಿದ್ನಾ? ನೀನೇ ತಂದು ತಂದು ಕೊಟ್ಟೆ. ಬರೀ ನೊರೇಲಿ ಏನ್ ಹೋಯ್ತದೆ ಹೇಳು. ತಳ ಹತ್ತಿದ ಪಾತ್ರೆನ ನೊರೇಲಿ ಸವರಿ ಮಡಗ್ತೀಯಾ ನೀನು?”

“ಹಲ್ಲು ಪಾತ್ರೆ ಅಲ್ಲಮ್ಮ. ಉಜ್ಜಿ ಉಜ್ಜಿ ತಳಾನೇ ತೂತಾಗ್ತಿದೆ.”

ಹೇಳುತ್ತಲೇ ಅವಳು ಡಬ್ಬಿಗೆ ಕೈ ಹಾಕಿದಳು. ಚಿಕ್ಕಗಂಗಮ್ಮ ಅದನ್ನು ತಟ್ಟನೆ ಮಡಿಲಿಗೆ ಎಳೆದುಕೊಂಡಳು. ಪೇಸ್ಟಿನ ನೊರೆ ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದಳು. ಗಂಡ ಕುಟ್ಟಿದ ಪುಡಿ ಇನ್ನೂ ಇದರಲ್ಲಿದೆ. ಅವರು ಹೋದಾಗ ಡಬ್ಬಿ ಅರ್ಧ ಇತ್ತು. ಅದು ಮುಗಿಯಲು ಅವಳು ಬಿಡಲೇ ಇಲ್ಲ. ಹಾಲಿಗೆ ಹೆಪ್ಪು ಹಾಕುವ ಹಾಗೆ, ತಳದಲ್ಲಿ ಒಂದು ಹಿಡಿ ಉಳಿದಿರುವಾಗಲೇ ಹೊಸದನ್ನು ಕುಟ್ಟಿ ಕಲೆಸುತ್ತ ಬಂದಿದ್ದಳು, ಒಂಬತ್ತು ವರ್ಷ.

“ಬಿಟ್ಬುಡು ಅಂದ್ರೆ ಹೆಂಗ್ ಬಿಡ್ಲಿ ಮಗಾ? ಬೆಳಗೆದ್ದು ಅವರ ಜೊತೆ ಇರೋದು ಇದೊಂದ್ ಗಳಿಗೆ.”

ಮಾನಸಾ ಚಾಚಿದ ಕೈಯನ್ನು ಹಿಂದೆಳೆದುಕೊಂಡಳು. ಹಾಸ್ಟೆಲಿನ ಚರಂಡಿಗೆ ಸುರಿದದ್ದನ್ನು, ಒಂದು ಸಲವಲ್ಲ, ಪ್ರತಿ ಸಲವೂ ಸುರಿದದ್ದನ್ನು ಹೇಳಿದಳು. ಹೇಳಿ ತಲೆ ತಗ್ಗಿಸಿದಳು.

“ಗೊತ್ತಿತ್ತು ಕಣೇ,” ಎಂದಳು ಅಮ್ಮ. “ಮೊದ್ಲ ದಸರಾ ರಜಕ್ಕೆ ಬಂದಾಗ್ಲೇ. ತಬ್ಕೊಂಡಾಗ ನಿನ್ ಬಾಯಲ್ಲಿ ಪೆಪ್ಪರ್ಮೆಂಟ್ ವಾಸ್ನೆ ಇತ್ತು.”

“ಅಪ್ಪಂಗೆ?”

“ಅವ್ರಿಗೂ ಗೊತ್ತಿತ್ತು.”

“ಏನಂದ್ರು?”

“ಏನೂ ಅನ್ನಲಿಲ್ಲ. ಪುಡಿ ವಾಸ್ನೆ ಮಗಿಗೆ ಹಿಡಿಸ್ಲಿಲ್ವೇನೋ ಅಂದ್ಕೊಂಡು, ಮುಂದಿನ ಸಲ ಲವಂಗ ಜಾಸ್ತಿ ಹಾಕಿದ್ರು. ಆಮೇಲಿಂದ ಅದೇ ಲೆಕ್ಕ. ನಾನೂ ಅಷ್ಟೇ ಹಾಕ್ತೀನಿ.”

ಒಳಗೆ ಸುಮನಾ ಎದ್ದು ಅಮ್ಮನನ್ನು ಕೂಗಿದಳು. ಇಬ್ಬರೂ ಏಳಲಿಲ್ಲ. ಚಿಕ್ಕಗಂಗಮ್ಮ ನಲ್ಲಿಗೆ ಬಾಯಿಯೊಡ್ಡಿ ತೊಳೆದುಕೊಂಡಳು, ತಣ್ಣೀರಿಗೆ ಕಣ್ಣು ಬಿಗಿಯಾಗಿ ಮುಚ್ಚಿದಳು. ಆಮೇಲೆ ಡಬ್ಬಿಯ ಮುಚ್ಚಳ ಒತ್ತಿ, ಸೆರಗಿನಿಂದ ಒರೆಸಿ, ಮಗಳ ಕೈಗಿಟ್ಟಳು.

“ನಿನ್ ಹತ್ರ ಇರ್ಲಿ. ಇಲ್ಲಿದ್ರೆ ನನ್ ಕೈ ಸುಮ್ನಿರಲ್ಲ. ಚರಂಡಿಗೆ ಮಾತ್ರ ಹಾಕ್ಬೇಡ.”

ಮಾನಸಾ ಮೊದಲನೆಯ ಟ್ಯೂಬನ್ನು ಕಿಟಕಿಯಲ್ಲಿಟ್ಟು, ಉಳಿದೆರಡನ್ನು ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ತುಮಕೂರು ಬರುವವರೆಗೂ ಡಬ್ಬಿ ತೊಡೆಯ ಮೇಲಿತ್ತು. ಅದರಲ್ಲಿ ಚಾಕ್ಲೇಟಿದೆಯಾ ಎಂದು ಸುಮನಾ ಕೇಳಿದಳು. ತಾತ ಇದ್ದಾರೆ ಎನ್ನಬೇಕೆನಿಸಿತು, ಮಗು ಹೆದರೀತೆಂದು ಸುಮ್ಮನಾದಳು.

ಡಬ್ಬಿಗೆ ಅವಳ ಬಚ್ಚಲಿನ ಶೆಲ್ಫಿನಲ್ಲಿ, ಸುಮನಾಳ ಪೇಸ್ಟಿನ ಪಕ್ಕ, ಜಾಗವಾಯಿತು. ಮುಚ್ಚಳ ತೆಗೆಯುವ ಧೈರ್ಯ ಮಾತ್ರ ಬರಲಿಲ್ಲ. ತೆಗೆದಷ್ಟು ಸಲ ಒಳಗಿನ ವಾಸನೆ ಕಡಿಮೆಯಾಗುತ್ತದೆಯೇನೋ ಎಂಬ ಹೆದರಿಕೆ.

ಐದು ವಾರ ಕಳೆದ ಮೇಲೆ ಮಂಡಿಯಿಂದ ಅಮ್ಮನ ಫೋನು. ಹಲೋ ಅನ್ನಲಿಲ್ಲ, ಮಗು ಹೇಗಿದೆ ಎಂದು ಕೇಳಲಿಲ್ಲ. ಹಿಂದೆ ಮಚ್ಚುಗಳು ಕರಟಕ್ಕೆ ಬೀಳುವ ಟಕ್‌ ಟಕ್‌ ಸದ್ದು. ಆಮೇಲೆ ಬಾಯಿಗೆ ತೀರ ಹತ್ತಿರದಲ್ಲಿ, ಗಟ್ಟಿಯಾದದ್ದೇನೋ ಕಟ್ ಎಂದು ಮುರಿದ ಸದ್ದು, ಅದರ ಹಿಂದೆ ನಿಧಾನವಾಗಿ ಅಗಿಯುವುದು.

“ಕೇಳಿಸ್ತಾ?” ಎಂದಳು ಅಮ್ಮ, ಬಾಯಿ ತುಂಬಿಕೊಂಡು. “ಬಲಗಡೆ ಮಾತ್ರ. ಎಡಗಡೆ ಇನ್ನೂ ಸ್ವಲ್ಪ ಜುಮ್ ಅಂತದೆ. ಈ ಕೊಬ್ರಿಗೆ ಇನ್ನೊಂದ್ ತಿಂಗ್ಳು ಬೇಕಿತ್ತು.”

ಫೋನಿಟ್ಟು ಮಾನಸಾ ಬಚ್ಚಲಿಗೆ ಹೋದಳು. ಬಾಗಿಲು ಹಾಕಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು. ಹಲ್ಲಿಗೆ ಮುಟ್ಟಿಸಲಿಲ್ಲ, ಮೂಗಿನ ಹತ್ತಿರ ಹಿಡಿದಳು ಅಷ್ಟೇ.

ಹೌದು. ಲವಂಗ ಜಾಸ್ತಿಯೇ ಇತ್ತು.