ಮಲಕಾಜಪ್ಪ ಮಡಚಿದ ಭಜನೆ ಪುಸ್ತಕ

ಬನಹಟ್ಟಿಯ ನಮ್ಮ ಓಣಿಯ ಮಲಕಾಜಪ್ಪನ ಕಂಪ್ಯೂಟರ್ ಎಷ್ಟು ಹಳೆಯದೆಂದರೆ, ಅದನ್ನು ಚಾಲೂ ಮಾಡಿದರೆ ರಬಕವಿಯಲ್ಲಿ ದೀಪಗಳು ಮಂಕಾಗುತ್ತಿದ್ದವು. ಅದು ಕಣ್ಣು ಬಿಡುವಷ್ಟರಲ್ಲಿ ಜಮಖಂಡಿಗೆ ಹೋಗಿ, ಕೋರ್ಟಿನಲ್ಲಿ ಅಜ್ಜನ ಕಾಲದ ಹೊಲದ ವ್ಯಾಜ್ಯ ಗೆದ್ದು, ಚಹಾ ಕುಡಿದು ಬರಬಹುದಿತ್ತು. ಅದರ ಗುರುಗುರು ಸದ್ದು ಮಲಕಾಜಪ್ಪನಿಗೆ ಕೇಳಿಸುತ್ತಲೇ ಇರಲಿಲ್ಲ. ಹರೆಯವನ್ನೆಲ್ಲ ಪವರ್‌ಲೂಮ್ ಶೆಡ್ಡಿನಲ್ಲಿ ಕಳೆದು ಕಿವಿ ಸವೆಸಿಕೊಂಡವನು. ಮಗ್ಗುಲಲ್ಲಿ ಸಿಡಿಲು ಬಿದ್ದರೆ “ಯಾರ್ರೀ, ಒಳಗ ಬರ್ರಿ” ಎನ್ನುವ ಆಸಾಮಿ. ಕಿವಿ ಹೋದ ಮೇಲೆ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಹಿಡಿದ. ಅವನು ಮಡಚಿದ ಸೀರೆಗಳನ್ನು ಬಿಚ್ಚಿ ಹಾಸಿದರೆ ಗಲಗಲಿಯ ಹೊಳೆದಂಡೆಯಿಂದ ಮುಂಬೈವರೆಗೆ ಅಂಗಾಲಿಗೆ ಮಣ್ಣು ತಾಗದಂತೆ ನಡೆಯಬಹುದು. ಈ ಕಂಪ್ಯೂಟರ್ ಇಟ್ಟುಕೊಂಡು ಪ್ರಿಂಟಿಂಗ್ ಅಂಗಡಿ ತೆರೆದದ್ದು ಅದರ ನಂತರ.

ಅವನ ಹೆಸರು ನಡೆದದ್ದು ಸಣ್ಣ ಪುಸ್ತಕಗಳಿಂದ. ಹಾಳೆಯನ್ನು ನಡುವೆ ಮಡಚಿ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳನ್ನು ಸಾಲಾಗಿ ಛಾಪಿಸಿದರೆ ನಡೆಯುವುದಿಲ್ಲ. ಕಡೆಯ ಪುಟ ಎಡಕ್ಕೆ, ಮೊದಲ ಪುಟ ಬಲಕ್ಕೆ, ಹೀಗೆ ಹಾಳೆ ಹಾಳೆಗೂ ಜೋಡಿ ಕೂಡಬೇಕು. ಈ ಜೋಡಿ ಕೂಡಿಸುತ್ತಿದ್ದದ್ದು ಕಂಪ್ಯೂಟರಿನಲ್ಲಿ ಹಾಕಿಕೊಂಡಿದ್ದ ಒಂದು ಪುಕ್ಕಟೆ ಆಡ್-ಆನ್, ಟೈಪಿಂಗ್ ತಂತ್ರಾಂಶಕ್ಕೆ ಅಂಟಿಸುವ ಒಂದು ಪುಟ್ಟ ಬಾಲಂಗೋಚಿ. ಯಾವ ದೇಶದ ಪುಣ್ಯಾತ್ಮ ಮಾಡಿಟ್ಟದ್ದೋ, ಒಂದು ಗುಂಡಿ ಒತ್ತಿದರೆ ಪುಟಗಳು ತಾವೇ ಜಾಗ ಹುಡುಕಿಕೊಂಡು ಕೂಡುತ್ತಿದ್ದವು.

ಅದೇ ಓಣಿಯಲ್ಲಿ ಹೊಳಬಸಪ್ಪ, ಭಜನೆ ಮೇಳದ ಹಿರಿಯ. ಅವರ ಅಪ್ಪ ಕೈಮಗ್ಗದ ಕುಣಿಯಲ್ಲಿ ಕೂತು ಕಟ್ಟಿದ ಪದಗಳು ಅವರೊಬ್ಬರ ಗಂಟಲಲ್ಲಿ ಮಾತ್ರ ಉಳಿದಿದ್ದವು. ಮೇಳದ ಉಳಿದವರು ಒಬ್ಬೊಬ್ಬರಾಗಿ ತೀರಿಹೋಗಿದ್ದರು. ತಾಳ ಹಾಕುವ ಮಲಕಾಜಪ್ಪ ಉಳಿದಿದ್ದ. ಆದರೆ ಅವನು ಹಿರಿಯರ ಕೈ ನೋಡಿ ತಾಳ ಹಾಕುವವನೇ ಹೊರತು ಧಾಟಿ ಕೇಳಿದವನಲ್ಲ. ಪದಗಳ ಸಾಲುಗಳನ್ನು ಮಾತ್ರ ಅವರಿಂದ ಕೂಗಿ ಕೂಗಿ ಹೇಳಿಸಿಕೊಂಡು ಕಂಪ್ಯೂಟರಿನಲ್ಲಿ ಟೈಪು ಮಾಡಿಟ್ಟಿದ್ದ.

ಹೊಳಬಸಪ್ಪನವರಿಗೆ ಲಕ್ವಾ ಹೊಡೆಯಿತು. ಎಡಗೈ ಬಿತ್ತು, ಪದಗಳ ಸಾಲು ಮರೆತುಹೋದವು. ಸೊಸೆ ಮಧುಮತಿಗೆ ಒಂದು ಗೊತ್ತಾಯಿತು: ಸಾಲನ್ನು ಕಣ್ಣ ಮುಂದೆ ಹಿಡಿದರೆ ಧಾಟಿ ತಾನೇ ಹೊರಬರುತ್ತದೆ. ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಕೊಂಡು, ಕಲಿತು, ಓಣಿಯ ಹೆಣ್ಣುಮಕ್ಕಳ ಮೇಳ ಕಟ್ಟಬೇಕೆಂದು ಅವಳ ಹಟ. ಮಲಕಾಜಪ್ಪ ಬಿಡಿ ಹಾಳೆಗಳನ್ನು ಕೊಟ್ಟ. ಒಂದೇ ಕೈಯಲ್ಲಿ ಅವು ನಿಲ್ಲಲಿಲ್ಲ, ಫ್ಯಾನಿನ ಗಾಳಿಗೆ ಹಾರಿದವು. ಮಧುಮತಿ ಹಿಡಿಯಹೋದರೆ ಮುದುಕ ಸಿಟ್ಟಾದರು.

“ಬ್ಯಾರೇದವರ ಕೈಯಾಗಿಂದ ಓದಾಕ ನಾ ಏನ್ ಸಾಲಿ ಹುಡುಗನೇನ? ಪುಸ್ತಕಾ ಮಾಡಿ ತಾರಲೇ ಮಲಕಾಜಿ. ಹಾಳಿ ಹಂಚಾಕ ಇದೇನ್ ಇಲೆಕ್ಷನ್ನ?”

“ನಾಳಿಗೇ ತರ್ತೇನ್ರೀ ಯಜ್ಜಾ” ಎಂದು ಇವನು ಎದ್ದ.

ಅಂದೇ ಕಂಪ್ಯೂಟರ್ ಯಾರನ್ನೂ ಕೇಳದೆ ತನ್ನನ್ನು ತಾನು ಹೊಸದು ಮಾಡಿಕೊಂಡಿತ್ತು. ಮುದುಕ ಮೀಸೆಗೆ ಬಣ್ಣ ಹಚ್ಚಿಕೊಂಡ ಹಾಗೆ. ಗುಂಡಿ ಒತ್ತಿದರೆ, ಆಡ್-ಆನ್ ಹಳೆಯದಾಗಿದೆ, ಇಲ್ಲಿ ನಡೆಯುವುದಿಲ್ಲ ಎಂದಿತು. ಕಿತ್ತು ಮತ್ತೆ ಹಾಕಿದ. ಬಂದ್ ಮಾಡಿ ಚಾಲೂ ಮಾಡಿದ. ಇಂಟರ್‌ನೆಟ್ಟಿನಲ್ಲಿ ಅದನ್ನು ಮಾಡಿದವನ ಪುಟ ಹುಡುಕಿದರೆ ಪುಟವೇ ಇಲ್ಲ; ಅವನಂತೆ ಗೋಳಾಡಿದವರ ಪ್ರಶ್ನೆಗಳಿದ್ದವು, ಉತ್ತರ ಕೊಟ್ಟವರಿರಲಿಲ್ಲ. ಎಲ್ಲೋ ಸಿಕ್ಕ ಸೂಚನೆಯಂತೆ ಆಡ್-ಆನಿನ ಒಳಗಿನ ಕಡತ ತೆರೆದು ಆವೃತ್ತಿಯ ಸಂಖ್ಯೆ ತಿದ್ದಿ, ಇದು ಹೊಸದೇ ಎಂದು ಸುಳ್ಳು ಹೇಳಿಸಿದ. ಒಂದು ಕ್ಷಣ ಗುಂಡಿ ಬೆಳಗಿತು. ಒತ್ತಿದ. ಕಂಪ್ಯೂಟರ್ ಪೂರಾ ನಿಂತಿತು.

ಅಷ್ಟರಲ್ಲಿ ಮಧುಮತಿಯ ಫೋನು. ಅವನಿಗೆ ಕೇಳಲೆಂದು ಅವಳು ಕೂಗಿದ್ದು ಮುಧೋಳಕ್ಕೂ ಕೇಳಿಸಿರಬೇಕು. “ಕಾಕಾ, ಮಾವಾರಿಗೆ ಮೈಯಾಗ ಛಲೋ ಇಲ್ರೀ. ಪುಸ್ತಕಾ ಇವತ್ತ ಆಗಾಕ ಬೇಕ್ರೀ!”

ಮಲಕಾಜಪ್ಪ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಆಡ್-ಆನ್ ಬಿಟ್ಟು ಒಂದೊಂದೇ ಪುಟವನ್ನು ಕೈಯಿಂದಲೇ ಜೋಡಿಸಲು ಕೂತ. ಕೈ ತನಗೆ ಗೊತ್ತಿದ್ದುದನ್ನೇ ಮಾಡಿತು. ಸೀರೆ ಮಡಚುವಾಗ ಮೊದಲ ತುದಿ ಒಳಗೆ ಹೋಗಿ, ಕಡೆಯ ಸೆರಗು ಮೇಲೆ ಕಾಣಬೇಕು. ಹಾಗೆಯೇ ಅವನು ಮೊದಲ ಪುಟವನ್ನು ಎಡಕ್ಕಿಟ್ಟ, ಕಡೆಯದನ್ನು ಬಲಕ್ಕೆ. ಎಲ್ಲ ಹಾಳೆಗೂ ಅದೇ. ಛಾಪಿಸಿದ, ಮಡಚಿದ, ಪಿನ್ ಹೊಡೆದ, ಬಣ್ಣದ ರಟ್ಟು ಹಾಕಿ ಅಂಚು ಕತ್ತರಿಸಿದ. ತೆರೆದು ನೋಡಲಿಲ್ಲ. ಕೈ ಎಂದೂ ಅವನಿಗೆ ಮೋಸ ಮಾಡಿರಲಿಲ್ಲ.

ಹೋದಾಗ ಬಿಸಿಲು ಇಳಿಯುತ್ತಿತ್ತು. ಹೊಳಬಸಪ್ಪನವರಿಗೆ ದಿಂಬು ಕೊಟ್ಟು ಕೂಡಿಸಿದರು. ಮಧುಮತಿ ಮೊಬೈಲ್ ಹಿಡಿದಳು. ಪುಸ್ತಕ ಬಲಗೈಯಲ್ಲಿ ಗಟ್ಟಿ ನಿಂತಿತು. “ಈಗ ನೋಡ, ಮನಷ್ಯಾನ ಕೆಲಸಾ ಮಾಡಿದಿ” ಎಂದು ನಕ್ಕು ಮುದುಕ ಹೆಬ್ಬೆಟ್ಟಿನಿಂದ ಮೊದಲ ಪುಟ ತೆರೆದರು. ಓದಿದರು. ಕಣ್ಣು ಮುಚ್ಚಿ ಹಾಡಿದರು. ದನಿ ನಡುಗಲಿಲ್ಲ.

ಅದು ಮಂಗಳದ ಪದ. ಮೊದಲು ಹಾಡಬೇಕಾದ ಗಣಪತಿಯ ಪದ ಹಿಂದಿನ ರಟ್ಟಿಗೆ ಅಂಟಿಕೊಂಡು ಕೂತಿತ್ತು. ನಮ್ಮ ಕಡೆ ಮಂಗಳ ಹಾಡಿದರೆ ಆ ಭಜನೆ ಮುಗಿಯಿತು; ತಾಳ ಕೆಳಗಿಡಬೇಕು, ಮತ್ತೆ ಬಾಯಿ ತೆರೆಯುವಂತಿಲ್ಲ. ಹೊಳಬಸಪ್ಪ ಪುಸ್ತಕ ಮುಚ್ಚಿ ಹಣೆಗೆ ಒತ್ತಿಕೊಂಡರು.

ಮಧುಮತಿ ಪುಸ್ತಕ ತೆಗೆದುಕೊಂಡು ಹಿಂದಿನ ರಟ್ಟು ಎತ್ತಿ ನೋಡಿದಳು. “ಮಾವಾರ, ಪುಸ್ತಕಾ ಉಲ್ಟಾ ಆಗೇತ್ರಿ. ಹಿಂದಿನಿಂದ ಹಾಡ್ರಿ, ನಿಮ್ಮ ಕಾಲ ಬೀಳ್ತೇನಿ.”

“ಮಂಗಳಾ ಆತು, ಯವ್ವಾ.”

“ಯಜ್ಜಾ, ತಪ್ಪ ನಂದರಿ! ದೇವ್ರೇನ್ ಸಿಟ್ಟಾಗೂದಿಲ್ರಿ!” ಮಲಕಾಜಪ್ಪ ಚೀರಿದ.

“ಯಾಕ ಚೀರತಿ, ಕಿವುಡ ನೀನು, ನಾ ಅಲ್ಲ. ಮಂಗಳಾದ ಮ್ಯಾಲ ಅಪ್ಪ ಎಂದೂ ಹಾಡಲಿಲ್ಲ, ನಾನೂ ಹಾಡೂದಿಲ್ಲ. ಸೋಮವಾರ ಭಜನಿ ದಿನಾ ಬರ್ರಿ, ಗಣಪತಿಯಿಂದ ಹಿಡಿಯೂಣು.”

ಮಲಕಾಜಪ್ಪ ಆ ಸಂಜೆಯೇ ಪುಸ್ತಕ ಬಿಚ್ಚಿ, ಪುಟಗಳನ್ನು ಸರಿಯಾಗಿ ಛಾಪಿಸಿ ತಂದಿಟ್ಟ. ಹೊಳಬಸಪ್ಪ ರವಿವಾರ ತೀರಿಕೊಂಡರು. ಹೆಣದ ಮುಂದೆ ಹಾಡಲು ಪುಸ್ತಕವಿತ್ತು, ಹಾಡುವವರಿರಲಿಲ್ಲ. ಮಧುಮತಿಯ ಮೊಬೈಲಿನಲ್ಲಿದ್ದ ಮಂಗಳವನ್ನೇ ಹಚ್ಚಿದರು.

ಕೆಲವು ವಾರ ಕಳೆದು ಮಲಕಾಜಪ್ಪ ಆ ಮನೆಗೆ ಹೋದ. ಮಗ್ಗದ ಗದ್ದಲದ ನಡುವೆಯೂ ಎಲ್ಲೋ ಒಂದು ಧಾಟಿ ತಲೆಯಲ್ಲಿ ಉಳಿದಿದೆ ಎಂದು ಅವನಿಗೆ ಅನ್ನಿಸಿತ್ತು. ಪುಸ್ತಕ ತೆರೆದು ಗಣಪತಿಯ ಪದ ಎತ್ತಿದ. ಆ ದನಿಗೆ ಹಿತ್ತಲಿನ ಎಮ್ಮೆ ಹಗ್ಗ ಕಿತ್ತಿತು ಎನ್ನುತ್ತಾರೆ.

ಮಧುಮತಿ ಕೈ ಮುಗಿದಳು. “ಕಾಕಾ, ಅದು ಹಿಂಗ ಇರಲಿಲ್ರೀ.”

ಅವನು ತುಟಿ ನೋಡಿ ತಿಳಿದುಕೊಂಡ. “ಹಂಗಾದ್ರ ಹೆಂಗಿತ್ತವಾ? ನೀ ಅಂದ ತೋರಸ.”

ಅವಳು ಉಸಿರೆಳೆದು ಬಾಯಿ ತೆರೆದಳು. ಹೇಗಿರಲಿಲ್ಲ ಎಂಬುದು ಗೊತ್ತಿತ್ತು, ಹೇಗಿತ್ತು ಎಂಬುದು ಬಾಯಿಗೆ ಬರಲಿಲ್ಲ; ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದಳು.